ಮೊಟಬಿಲಿಟಿ ಕಾರಲ್ಲಿ ಕ್ಯಾಂಪಿಂಗ್ ಹೋಗ್ಬಹುದಾ? ರಾತ್ರಿ ಒಳಗೇ ಮಲಗಿದ್ರೆ ಏನಾದ್ರೂ ಪ್ರಾಬ್ಲಮ್ಮಾ?

ಮಂಜು_ಎಂಕೆ

ಎಲ್ರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸಲ್ಲಿರೋದು, ನಾನು, ಹೆಂಡ್ತಿ, ನಾಲ್ಕನೇ ಕ್ಲಾಸ್ ಮಗಳು. ಹೆಂಡ್ತಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರದ ಕಾಯಿಲೆ) ಇದೆ, ಮನೆ ಒಳಗೆ ಕೋಲು ಹಿಡ್ಕೊಂಡು ಓಡಾಡ್ತಾಳೆ, ಹೊರಗಡೆ ಅಂದ್ರೆ ವೀಲ್‌ಚೇರೇ. ಪಿಪ್‌ನಲ್ಲಿ (ಅಂಗವಿಕಲರಿಗೆ ಸರ್ಕಾರ ಕೊಡೋ ಭತ್ಯೆ) ಮೊಬಿಲಿಟಿ, ಅಂದ್ರೆ ಓಡಾಟದ ಭಾಗಕ್ಕೆ ಎನ್ಹಾನ್ಸ್ಡ್ ಅನ್ನೋ ಜಾಸ್ತಿ ರೇಟ್ ಸಿಕ್ಕಿದ ಮೇಲೆ ಆ ದುಡ್ಡನ್ನ ಮೊಟಬಿಲಿಟಿ ಅನ್ನೋ ಕಾರ್ ಲೀಸ್ ಸ್ಕೀಮಿಗೆ ಬಿಟ್ಕೊಟ್ಟು ಸಿಟ್ರೊಯೆನ್ ಬರ್ಲಿಂಗೋ ಎಲೆಕ್ಟ್ರಿಕ್ ತಗೊಂಡಿದೀವಿ, ಸ್ಲೈಡಿಂಗ್ ಡೋರ್ ಇರೋದ್ರಿಂದ ಅವಳಿಗೆ ಹತ್ತಿ ಇಳಿಯೋಕೆ ಸುಲಭ, ಬೂಟಲ್ಲಿ (ಡಿಕ್ಕೀಲಿ) ವೀಲ್‌ಚೇರ್ ಮಡಚದೇನೇ ಇಡಬಹುದು.

ಮಗಳ ಕ್ಲಾಸಲ್ಲಿ ಎಲ್ರೂ ಕ್ಯಾಂಪಿಂಗ್ ಹೋಗ್ತಾರಂತೆ, ನಾವ್ಯಾವಾಗ ಅಂತ ಪ್ರಾಣ ತಿಂತಿದಾಳೆ. ನೆಲದ ಮೇಲೆ ಟೆಂಟಲ್ಲಿ ಮಲಗೋದು ಹೆಂಡ್ತಿ ಕೈಲಾಗಲ್ಲ, ಎಬ್ಬಿಸೋಕೆ ಇಬ್ರು ಬೇಕು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿದ್ರೆ ಕಾರಲ್ಲೇ ಆರಾಮಾಗಿ ಮಲಗಬಹುದಲ್ವಾ, ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗೋಣ ಅಂತ ನಾನು ಪ್ಲಾನ್ ಹಾಕ್ತಿದ್ದೆ, ಅವಳೂ ಖುಷಿಯಾಗಿದ್ಲು. ಅಷ್ಟರಲ್ಲಿ ಯುಗಾದಿ ಊಟಕ್ಕೆ ಹೋದಾಗ ಅಲ್ಲೊಬ್ರು ಹಿರಿಯರು, ಅದು ಸರ್ಕಾರದ ಕಾರು ಕಣಪ್ಪ, ಆಸ್ಪತ್ರೆಗೆ ಓಡಾಡೋಕೆ ಕೊಟ್ಟಿರೋದು, ಟ್ರಿಪ್ ಹೊಡೆದು ಒಳಗೆ ಮಲಗಿದ್ದು ಗೊತ್ತಾದ್ರೆ ಕಾರೂ ಹೋಗತ್ತೆ ಬೆನಿಫಿಟ್ಟೂ ಹೋಗತ್ತೆ ಅಂದ್ರು. ಎಲ್ರ ಎದುರಿಗೇ. ಆವತ್ತಿಂದ ಇವಳು ಬೇಡವೇ ಬೇಡ ಅಂತ ಕೂತಿದಾಳೆ. ಪೇಪರಲ್ಲಿ ಬೇರೆ ಈ ಸ್ಕೀಮ್ ಬಗ್ಗೆ ಏನೇನೋ ಬರ್ತಿರತ್ತೆ, ಯಾರಾದ್ರೂ ಫೋಟೋ ತೆಗೆದು ಕಂಪ್ಲೇಂಟ್ ಮಾಡಿದ್ರೆ ಅನ್ನೋ ಭಯ ಅವಳಿಗೆ. ನಿಜವಾಗ್ಲೂ ರೂಲ್ ಏನಿದೆ, ಯಾರಾದ್ರೂ ಹೋಗಿ ಬಂದಿದೀರಾ, ದಯವಿಟ್ಟು ತಿಳಿಸಿ.

ರೆಡಿಂಗ್_ರಮೇಶ್

ಮಂಜು, ಮೊದ್ಲು ಆ ಹಿರಿಯರ ಮಾತನ್ನ ತಲೆಯಿಂದ ತೆಗೆದುಹಾಕಿ. ನಮ್ಮ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅವನ ಡಿಎಲ್ಎ (ಮಕ್ಕಳಿಗೆ ಕೊಡೋ ಅಂಗವಿಕಲ ಭತ್ಯೆ) ಮೇಲೆ ಕಾರಿದೆ, ನಾವು ವೇಲ್ಸು, ಕಾರ್ನ್‌ವಾಲು ಎಲ್ಲಾ ಕಡೆ ಅದ್ರಲ್ಲೇ ಹೋಗಿದೀವಿ.

ಅದು ಸರ್ಕಾರದ ಕಾರೇ ಅಲ್ಲ. 1977ರಲ್ಲಿ ಚಾರಿಟಿಯಾಗಿ ಶುರುವಾದ ಸ್ಕೀಮು, ಈಗ ಲೀಸ್ ಕೆಲಸ ನೋಡ್ಕೊಳೋದು ಮೊಟಬಿಲಿಟಿ ಆಪರೇಷನ್ಸ್ ಅನ್ನೋ ಕಂಪನಿ. ನಿಮ್ಮ ಮನೆಯವರಿಗೆ ಬರಬೇಕಾದ ದುಡ್ಡು (2025-26ರಲ್ಲಿ ವಾರಕ್ಕೆ 77.05 ಪೌಂಡ್) ನೇರವಾಗಿ ಅವರಿಗೆ ಹೋಗತ್ತೆ, ಬದಲಿಗೆ ಇನ್ಶೂರೆನ್ಸು, ಸರ್ವಿಸು, ಟೈರು, ಬ್ರೇಕ್‌ಡೌನ್ ಎಲ್ಲಾ ಸೇರಿಸಿ 3 ವರ್ಷಕ್ಕೆ ಕಾರು. ಕೆಲವು ಕಾರಿಗೆ ಮೇಲಿಂದ ಅಡ್ವಾನ್ಸ್ ಪೇಮೆಂಟೂ ಕಟ್ಟಬೇಕು. ಅಂದ್ರೆ ಬಾಡಿಗೆ ಕೊಟ್ಟು ಇಟ್ಕೊಂಡಿರೋ ಕಾರು, ಧರ್ಮಕ್ಕೆ ಯಾರೂ ಕೊಟ್ಟಿಲ್ಲ. ಪಿಪ್ ಕೊಡೋದು ಸರ್ಕಾರದ ಬೆನಿಫಿಟ್ ಇಲಾಖೆ ಡಿಡಬ್ಲ್ಯುಪಿ, ಅವರು ನೋಡೋದು ಕಾಯಿಲೆಯಿಂದ ದಿನನಿತ್ಯ ಎಷ್ಟು ಕಷ್ಟ ಆಗ್ತಿದೆ ಅಂತ. ರಜಕ್ಕೆ ಹೋದ್ರು ಅನ್ನೋದೊಂದೇ ಕಾರಣಕ್ಕೆ ಅದು ನಿಲ್ಲಲ್ಲ, ಅಷ್ಟ್ಯಾಕೆ, ದೇಶ ಬಿಟ್ಟು 13 ವಾರದವರೆಗೆ ಹೊರಗಿದ್ರೂ ಸಾಮಾನ್ಯವಾಗಿ ನಡೆಯತ್ತೆ, ತಿಳಿಸಿ ಹೋಗಬೇಕು ಅಷ್ಟೇ.

ಇರೋ ಮುಖ್ಯ ರೂಲು ಒಂದೇ, ಕಾರು ಆ ವ್ಯಕ್ತಿಯ ಅನುಕೂಲಕ್ಕೆ ಬಳಕೆಯಾಗಬೇಕು. ಅವರಿಗೋಸ್ಕರ ಮಾತ್ರೆ ತರೋಕೆ, ತರಕಾರಿ ತರೋಕೆ ನೀವೊಬ್ರೇ ಹೋದ್ರೂ ಓಕೆ. ಅವರನ್ನ ಮನೇಲಿ ಬಿಟ್ಟು ನೀವು ಫ್ರೆಂಡ್ಸ್ ಜೊತೆ ವಾರಗಟ್ಟಲೆ ಸ್ಕಾಟ್ಲೆಂಡ್ ಸುತ್ತಿದ್ರೆ ಅದು ಬೇರೆ ಕಥೆ. ಕಾರಲ್ಲಿ ಡೆಲಿವರಿ ಮಾಡೋದು, ಬಾಡಿಗೆಗೆ ಓಡಿಸೋದು, ಪಾಲಿಸಿಯಲ್ಲಿ ಹೆಸರಿಲ್ಲದ ಭಾವಮೈದನ ಕೈಗೆ ಕೀ ಕೊಡೋದು, ಕಾರು ವಾಪಸ್ ಹೋಗೋದು ಇಂಥವಕ್ಕೆ. ಹೆಂಡ್ತಿ ಮಗಳ ಜೊತೆ ಕೆರೆ ನೋಡೋಕೆ ಹೋಗಿದ್ದಕ್ಕೆ ಅಲ್ಲ.

ಒಳಗೆ ಮಲಗೋದು ಕೂಡ ಅಷ್ಟೇ. ಲೀಸ್ ಕಾರು ಅನ್ನೋದು ಮಾತ್ರ ನೆನಪಿರಲಿ. ಸ್ಕ್ರೂ ಹೊಡೆಯೋದು, ಸೀಟು ಬಿಚ್ಚಿ ಗ್ಯಾರೇಜಲ್ಲಿ ಇಡೋದು, ವೈರ್ ಕತ್ತರಿಸಿ ಲೈಟ್ ಹಾಕೋದು, ಇದ್ಯಾವ್ದೂ ಬೇಡ. ಮಡಚೋ ಹಾಸಿಗೆ, ಬೂಟಲ್ಲಿ ಇಟ್ಟು ತೆಗೆಯೋ ಬೆಡ್ ಬಾಕ್ಸ್, ಕಿಟಕಿಗೆ ಅಂಟಿಸೋ ಸಿಲ್ವರ್ ಸ್ಕ್ರೀನ್, ಬೂಟ್ ಬಾಗಿಲಿಗೆ ಸಿಗಿಸೋ ಟೈಲ್‌ಗೇಟ್ ಟೆಂಟ್, ಇವೆಲ್ಲ ಬರೋವಾಗ ಎತ್ಕೊಂಡು ಬರೋ ಸಾಮಾನು, ಯಾರ ತಕರಾರೂ ಇರಲ್ಲ. ಟೋ ಬಾರ್ (ಟ್ರೇಲರ್ ಎಳೆಯೋ ಕೊಕ್ಕೆ) ಥರದ್ದು ಬೇಕಾದ್ರೆ ಮೊದ್ಲು ಕೇಳಿ ಆಮೇಲೆ ಹಾಕಿಸಿ. ಮೈಲೇಜ್ ಲಿಮಿಟ್ ಎಷ್ಟು ಅಂತ ನಿಮ್ಮ ಅಗ್ರಿಮೆಂಟಲ್ಲೇ ಇರತ್ತೆ, ಒಂದ್ಸಲ ನೋಡ್ಕೊಂಡುಬಿಡಿ. ಮನೆಯವರಿಗೆ ಇನ್ನೂ ಭಯ ಇದ್ರೆ ಕಸ್ಟಮರ್ ಸರ್ವೀಸಿಗೆ ಅವರ ಹೆಸರಲ್ಲೇ ಒಂದು ಮೆಸೇಜ್ ಹಾಕಿ, ಫ್ಯಾಮಿಲಿ ಜೊತೆ ಕ್ಯಾಂಪ್‌ಸೈಟಿಗೆ ಹೋಗ್ತೀನಿ, ಕಾರಲ್ಲಿ ಮಲಗ್ತೀನಿ ಅಂತ. ಉತ್ತರ ಬರವಣಿಗೇಲಿ ಬರತ್ತೆ, ಫೋನಲ್ಲಿ ಇಟ್ಕೊಳ್ಳಿ. ಯುಗಾದಿ ಊಟದಲ್ಲಿ ಮಾತಾಡಿದವರಿಗೆ ದೀಪಾವಳಿ ಊಟದಲ್ಲಿ ತೋರಿಸಬಹುದು :)

ಇನ್ನೊಂದು, ಅರಿಶಿನ. ನಗಬೇಡಿ. ವಾಪಸ್ ಕೊಡೋವಾಗ ಕಾರಿನ ಕಂಡೀಶನ್ ನೋಡ್ತಾರೆ, ಚಿತ್ರಾನ್ನ ಸೀಟಿನ ಮೇಲೆ ಬಿದ್ರೆ ಆ ಹಳದಿ ಜನ್ಮಕ್ಕೆ ಹೋಗಲ್ಲ. ಸೀಟಿಗೆಲ್ಲ ಹಳೇ ಬೆಡ್‌ಶೀಟ್ ಹಾಸಿ.

ಧಾರವಾಡದಾಕಿ_ಲೀಡ್ಸ್

ರಮೇಶ ಅವರು ರೂಲ್ಸ್ ಎಲ್ಲಾ ಛಲೋ ಹೇಳ್ಯಾರ. ನಾ ವೀಲ್‌ಚೇರ್‌ನ್ಯಾಗ ಕೂತಾಕಿ ಹೇಳ್ತೀನಿ, ಕೇಳ್ರಿ. ನಂದು ಹಿಂದ ರ‍್ಯಾಂಪ್ ಇರೋ ಗಾಡಿ, ವ್ಯಾವ್ ಅಂತಾರಲ್ಲ ಅದು. ನೆಲ ತಗ್ಗಿಸಿರ್ತಾರ, ಹಂಗಾಗಿ ಒಳಗ ಎತ್ತರ ಭಾಳ ಸಿಗತದ. ನಿಮ್ಮ ಗಾಡಿ ಹಂಗಲ್ಲ, ಆದ್ರ ಕಷ್ಟ ಎಲ್ಲಾ ಒಂದ.

ಮಂಜು ಅವರ, ನೀವು ಹಾಸಿಗಿ ಬಗ್ಗೆ ವಿಚಾರ ಮಾಡೀರಿ, ಆದ್ರ ರಾತ್ರಿ ಎರಡು ಗಂಟೆಗೆ ಎದ್ದು ಬಾತ್‌ರೂಮಿಗೆ ಹೋಗೂದು ಹೆಂಗ ಅಂತ ವಿಚಾರ ಮಾಡೀರೇನು? ಎಂಎಸ್ ಇದ್ದವರಿಗೆ ಭಾಳ ಮಂದಿಗೆ ತಡಕೊಳ್ಳಾಕ ಆಗೂದಿಲ್ಲ, ಅವಸರ ಆಗತದ. ಮಳಿ ಬಂದು ಹುಲ್ಲು ಹಸಿ ಆಗಿರತದ, ವೀಲ್‌ಚೇರಿನ ಸಣ್ಣ ಗಾಲಿ ಹುಗೀತಾವ, ಟಾಯ್ಲೆಟ್ ಬ್ಲಾಕ್ ಅಲ್ಲೆಲ್ಲೋ ದೂರ ದೀಪ ಹಚ್ಚಿಕೊಂಡು ನಿಂತಿರತದ. ಇದಕ್ಕ ಹೆದರಿ ನಮ್ಮಂಥವರು ಸಂಜೀ ಮುಂದ ನೀರ ಕುಡಿಯೂದು ಬಿಟ್ಟಬಿಡ್ತೀವಿ, ಅದು ಇನ್ನೊಂದು ತ್ರಾಸು. ಅದಕ್ಕ ಬುಕ್ ಮಾಡೂಮುಂದ ಫೋನ್ ಹಚ್ಚಿ ಕೇಳ್ರಿ, ವೆಬ್‌ಸೈಟ್‌ನ್ಯಾಗಿನ ವೀಲ್‌ಚೇರ್ ಚಿತ್ರಾ ನಂಬಬ್ಯಾಡ್ರಿ. ಹಾರ್ಡ್‌ಸ್ಟ್ಯಾಂಡಿಂಗ್ ಪಿಚ್ ಬೇಕು, ಅಂದ್ರ ಗಾಡಿ ನಿಲ್ಲಸೂ ಜಾಗಕ್ಕ ಕಲ್ಲು ಹಾಕಿದ್ದು, ಹುಲ್ಲಿಂದಲ್ಲ. ಜಲ್ಲಿ ಸಡ್ಲ ಇದ್ರ ಅದೂ ಬ್ಯಾಡ, ಗಾಲಿ ಹೂತು ಹೋಗತಾವ. ಅಕ್ಸೆಸಿಬಲ್ ಟಾಯ್ಲೆಟ್ ಎಷ್ಟು ಹೆಜ್ಜಿ, ನಡುವ ಮೆಟ್ಟಲ ಅದನೋ, ಒಳಗ ಶವರ್ ಸೀಟ್ ಅದನೋ, ರಾತ್ರಿ ಕೀಲಿ ಹಾಕ್ತಾರೋ. ರಡಾರ್ ಕೀ ಇಲ್ಲಂದ್ರ ತರಸಿಕೊಳ್ರಿ, ದಾರ್ಯಾಗ ಸರ್ವಿಸ್ ಸ್ಟೇಷನ್, ಪಾರ್ಕು, ಎಲ್ಲಾ ಕಡೆ ಕೆಲಸಕ್ಕ ಬರತದ, ದೇಶದ ತುಂಬ 9 ಸಾವಿರಕಿಂತ ಹೆಚ್ಚು ಟಾಯ್ಲೆಟ್ ಅದೊಂದ ಕೀಲಿಗೆ ತಗೀತಾವ. ಹೋಯ್ಸ್ಟ್ (ಎತ್ತಿ ಕೂಡಸೂ ಯಂತ್ರ) ಬೇಕಾದವರಿಗೆ ಚೇಂಜಿಂಗ್ ಪ್ಲೇಸಸ್ ಅಂತ ಬೇರೆ ದೊಡ್ಡ ರೂಮು ಇರತಾವ, ಅವನ್ನ ಮ್ಯಾಪಿನ್ಯಾಗ ನೋಡಿಕೊಂಡ ಹೊರಡಬೇಕು.

ಇಷ್ಟಾದ ಮ್ಯಾಲೂ ಒಂದು ಪೋರ್ಟಬಲ್ ಟಾಯ್ಲೆಟ್ ತಗೋರಿ, ಟೈಲ್‌ಗೇಟ್ ಟೆಂಟಿನ್ಯಾಗ ಇಡ್ರಿ. ನಾಚಿಕಿ ಬ್ಯಾಡ. ಅದೊಂದು ಇದ್ರ ನಿಮ್ಮ ಮನಿಯವರು ಸಂಜಿಗೆ ಛಾ ಕುಡೀತಾರ.

ಇನ್ನ ಹಾಸಿಗಿ ಎತ್ತರ. ಟೇಪ್ ತಗೊಂಡು ವೀಲ್‌ಚೇರ್ ಸೀಟಿನ ಎತ್ತರ ಅಳೀರಿ, ಕಾರಿನ ಹಾಸಿಗಿ ಅದರ ಸಮ ಇಲ್ಲಾ ಸ್ವಲ್ಪ ತೆಳಗ ಬರಬೇಕು, ಕುಂತ ಸರದಾಡೂದು ಆಗಬೇಕು ನೋಡ್ರಿ. ದಪ್ಪನ ಗಾದಿ ಹಾಕಿ ಮ್ಯಾಲ ಏರಿಸಿಬಿಟ್ರ ಹತ್ತಾಕೂ ಆಗೂದಿಲ್ಲ, ತಲಿ ರೂಫಿಗೆ ಬಡೀತದ. ಮನಿ ಮುಂದ ಡ್ರೈವ್‌ವೇನ್ಯಾಗ ಒಂದು ರಾತ್ರಿ ಮಲಗಿ ನೋಡ್ರಿ ಮೊದಲ. ಬಾಜೂ ಮನಿಯವರು ನೋಡಿದ್ರ ನೋಡ್ಲಿ.

ಮತ್ತ ಇದು ಭಾಳ ಮುಖ್ಯ, ನಿಮ್ಮ ಮಗಳ ಸಲುವಾಗಿ ಹಿಂದಿನ ಬಾಗಲಕ್ಕ ಚೈಲ್ಡ್ ಲಾಕ್ ಹಾಕಿರ್ತೀರಿ. ಅದನ್ನ ತಗೀರಿ. ಭಾಳ ಕಾರಿಗೆ ಬೂಟು ಒಳಗಿಂದ ತಗಿಯಾಕ ಬರೂದಿಲ್ಲ, ಸೈಡ್ ಬಾಗಲೂ ಲಾಕ್ ಇದ್ರ ಅವರು ಒಳಗ ಸಿಕ್ಕೊಂಡಂಗ ಆತು. ನೀವು ರಾತ್ರಿ ಹೊರಗ ಹೋಗೂಮುಂದ ರೂಢಿ ಮ್ಯಾಲ ರಿಮೋಟ್ ಒತ್ತಿ ಲಾಕ್ ಮಾಡಿದ್ರೂ ಹಂಗ, ಕೆಲವು ಗಾಡಿ ಒಳಗಿನ ಹಿಡಿಕಿನೂ ಬಂದ್ ಮಾಡತಾವ, ಒಳಗ ಅವರು ಹೊಳ್ಳಿ ಮಲಗಿದ್ರ ಸಾಕು ಅಲಾರ್ಮ್ ಬಡಕೋತದ, ಇಡೀ ಸೈಟ್ ಎದ್ದು ಕೂಡತದ. ಒಳಗಿನ ಬಟನ್‌ನಿಂದ ಲಾಕ್ ಮಾಡ್ರಿ, ಕೀಲಿ ಅವರ ಕೈಯಾಗ ಕೊಡ್ರಿ.

ಗ್ಲಾಸ್ಗೋ_ಗಿರಿ

ಸ್ಕಾಟ್ಲೆಂಡಲ್ಲಿ ಎಲ್ಲಿ ಬೇಕಾದ್ರೂ ಕ್ಯಾಂಪ್ ಮಾಡಬಹುದು ಅಂತ ಯಾರಾದ್ರೂ ಹೇಳ್ತಾರೆ, ಅದಕ್ಕೇ ಮೊದ್ಲೇ ಹೇಳಿಬಿಡ್ತೀನಿ. 2003ರ ಲ್ಯಾಂಡ್ ರಿಫಾರ್ಮ್ ಕಾಯ್ದೆ ಕೊಡೋ ಹಕ್ಕು ನಡ್ಕೊಂಡು ಹೋಗಿ ಟೆಂಟ್ ಹಾಕೋರಿಗೆ, ಮೋಟಾರು ಗಾಡಿಗೆ ಅದು ಬರಲ್ಲ. ಲಾಕ್ ಲೋಮಂಡ್ ಕೆರೆ ಕಡೆ ಕೆಲವು ದಡಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇರೆ ಬೇಕು. ಇಂಗ್ಲೆಂಡ್ ವೇಲ್ಸಲ್ಲಂತೂ ಜಮೀನಿನವರು ಒಪ್ಪದೆ ಹಾಗಿಲ್ಲ, ಡಾರ್ಟ್‌ಮೂರ್ ಅನ್ನೋ ಗುಡ್ಡದ ಬಯಲು ಒಂದು ಬಿಟ್ಟು, ಅಲ್ಲಿ ಟೆಂಟ್ ಹಾಕೋ ಹಕ್ಕಿದೆ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಅದೂ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ನಡೆಯೋರಿಗೇ.

ಬ್ಲೂ ಬ್ಯಾಡ್ಜ್ (ಅಂಗವಿಕಲರ ಪಾರ್ಕಿಂಗ್ ಕಾರ್ಡ್) ಇದೆ ಅಂತ ಕಾರ್ ಪಾರ್ಕಲ್ಲಿ ರಾತ್ರಿ ಮಲಗೋದು ಕೂಡ ಆಗಲ್ಲ, ಅದು ಪಾರ್ಕಿಂಗಿಗೆ ಮಾತ್ರ. ನೋ ಓವರ್‌ನೈಟ್ ಅಂತ ಬೋರ್ಡ್ ಇದ್ರೆ ಬ್ಯಾಡ್ಜ್ ಇರೋರಿಗೂ ನೋ ಓವರ್‌ನೈಟೇ.

ಆಮೇಲೆ ಬಿಯರ್. ಕುಡಿದು ಕಾರಲ್ಲೇ ಮಲಗಿದ್ರೆ ಓಡಿಸದೇ ಇದ್ರೂ 'ಇನ್ ಚಾರ್ಜ್' ಅಂತ ಕೇಸ್ ಹಾಕಬಹುದು. ಇಲ್ಲಿ ಲಿಮಿಟ್ 100 ಎಂಎಲ್ ರಕ್ತಕ್ಕೆ 50 ಮಿಲಿಗ್ರಾಂ, ನಿಮ್ಮ ಕಡೆ 80. ಕ್ಯಾಂಪ್‌ಸೈಟ್ ಅಂತ ವಿನಾಯಿತಿ ಇದೆ ಅಂದ್ಕೋಬೇಡಿ. ಲೀಸ್ ಕಾರು, ಡ್ರೈವರ್ ನೀವೊಬ್ರೇ, ಲೈಸೆನ್ಸ್ ಹೋದ್ರೆ ಮನೆಯವರ ಓಡಾಟವೇ ನಿಂತುಹೋಗತ್ತೆ. ನಾನು ಕುಡಿಯೋದು ಬೇಡ ಅಂತಿಲ್ಲ, ಮನೆಗೆ ಬಂದು ಕುಡೀರಿ ಅಂತಿದೀನಿ.

ಇಲ್ಲಿಗೆ ಬರೋದಾದ್ರೆ ಜೂನ್‌ನಿಂದ ಆಗಸ್ಟ್ ಪಶ್ಚಿಮದ ಕಡೆ ಬರಬೇಡಿ, ಮಿಜ್ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಸೊಳ್ಳೆ ಥರದ್ದು, ಕಾರಿನ ಬಾಗಿಲು ತೆಗೆದು ವೀಲ್‌ಚೇರ್ ಇಳಿಸಿ ಕೂರಿಸೋ ಹೊತ್ತಿಗೆ ಕಾರಿನ ತುಂಬಾ ಅವೇ.

ಶ್ವೇತಾ_ಸ್ಲೌ

ಮಧ್ಯೆ ಬಂದಿದ್ದಕ್ಕೆ ಸಾರಿ. ನಮ್ಮತ್ತೆಗೆ 68, ಮಂಡಿ ಪೂರ್ತಿ ಹೋಗಿದೆ, ನಡೆಯೋಕಾಗಲ್ಲ. ಹಾಸನದಿಂದ ಬಂದು ನಮ್ಮ ಜೊತೆ ಇದಾರೆ. ಅವರಿಗೂ ಈ ಕಾರು ಸಿಗತ್ತಾ? ಇಲ್ಲಿ ಎಲ್ರೂ ಒಂದೊಂದು ಹೇಳ್ತಾರೆ.

ರೆಡಿಂಗ್_ರಮೇಶ್

ಶ್ವೇತಾ, ಸಿಗಲ್ಲಮ್ಮ, ಸುಮ್ನೆ ಆಸೆ ಇಟ್ಕೋಬೇಡಿ. ಪಿಪ್ ಹೊಸದಾಗಿ ಕೇಳೋಕೆ ಸ್ಟೇಟ್ ಪೆನ್ಷನ್ ವಯಸ್ಸಿನ ಒಳಗಿರಬೇಕು, ಅದು ಈಗ 66 ದಾಟಿ 67ರ ಕಡೆ ಹೋಗ್ತಿದೆ. ಅದು ದಾಟಿದವರಿಗೆ ಅಟೆಂಡೆನ್ಸ್ ಅಲೋವೆನ್ಸ್ ಅಂತ ಬೇರೆ ಭತ್ಯೆ, ಅದ್ರಲ್ಲಿ ಮೊಬಿಲಿಟಿ ಭಾಗವೇ ಇಲ್ಲ, ಮೊಬಿಲಿಟಿ ಇಲ್ಲ ಅಂದ್ರೆ ಮೊಟಬಿಲಿಟೀನೂ ಇಲ್ಲ. ಮೊದಲೇ ಪಿಪ್ ತಗೋತಿದ್ದವರಿಗೆ ವಯಸ್ಸಾದ ಮೇಲೂ ಮುಂದುವರಿಯಬಹುದು, ಅದಕ್ಕೇ ನಿಮಗೆ ಅಲ್ಲಲ್ಲಿ ಎಪ್ಪತ್ತು ದಾಟಿದವರ ಹತ್ರಾನೂ ಈ ಕಾರು ಕಾಣೋದು.

ಅದಕ್ಕಿಂತ ಮೊದ್ಲು ಅವರ ವೀಸಾ ನೋಡಿ. ನೋ ಪಬ್ಲಿಕ್ ಫಂಡ್ಸ್ (ಸರ್ಕಾರದ ಬೆನಿಫಿಟ್ ತಗೊಳ್ಳೋ ಹಾಗಿಲ್ಲ) ಅಂತ ಇದ್ರೆ ಇದ್ಯಾವುದಕ್ಕೂ ಅರ್ಜಿ ಹಾಕ್ಲೇಬೇಡಿ, ಮುಂದೆ ವೀಸಾಗೇ ತೊಂದ್ರೆ. ಅಪ್ಪ ಅಮ್ಮನ್ನ ಡಿಪೆಂಡೆಂಟ್ ಆಗಿ ಸೆಟ್ಲ್ ಮಾಡಿಸಿದವರು 5 ವರ್ಷ ಖರ್ಚೆಲ್ಲಾ ನಮ್ಮದೇ ಅಂತ ಬರ್ಕೊಟ್ಟಿರ್ತಾರೆ, ಅದೂ ಲೆಕ್ಕಕ್ಕೆ ಬರತ್ತೆ. ಹೊಸದಾಗಿ ಬಂದವರಿಗೆ ಹಿಂದಿನ 3 ವರ್ಷದಲ್ಲಿ 2 ವರ್ಷ ಇಲ್ಲಿದ್ದಿರಬೇಕು ಅನ್ನೋ ಷರತ್ತು ಬೇರೆ. ಆದ್ರೆ ಬ್ಲೂ ಬ್ಯಾಡ್ಜ್ ಬೆನಿಫಿಟ್ ಅಲ್ಲ, ಕೌನ್ಸಿಲಲ್ಲಿ ವಿಚಾರಿಸಿ, ನಡೆಯೋಕಾಗಲ್ಲ ಅಂದ್ರೆ ಅವರು ನೋಡ್ತಾರೆ. ಬೇರೆ ಥ್ರೆಡ್ ಹಾಕಿ, ಅಲ್ಲಿ ಬರೀತೀನಿ, ಮಂಜು ಪಾಪ ಕ್ಯಾಂಪಿಂಗ್ ಕೇಳಿದ್ದು.

ಮಂಜು_ಎಂಕೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದಕ್ಕ, ನಿಮ್ಮ ಮೆಸೇಜನ್ನ ಅವಳೇ ಫೋನ್ ಕಿತ್ಕೊಂಡು ಓದಿದ್ಲು, ಛಾ ವಿಷಯಕ್ಕೆ ಬಂದಾಗ 'ಇವರಿಗೆ ಗೊತ್ತು' ಅಂದ್ಲು. ಈಗ ಲೇಕ್ ಡಿಸ್ಟ್ರಿಕ್ಟಿನ ಕೇಸ್ವಿಕ್ ಹತ್ರ ಸೈಟ್ ಹುಡುಕ್ತಿದೀವಿ, ಥ್ರೆಲ್ಕೆಲ್ಡ್‌ಗೆ ಹೋಗೋ ಹಳೇ ರೈಲ್ವೆ ದಾರಿ ವೀಲ್‌ಚೇರಲ್ಲಿ ಹೋಗ್ಬಹುದು ಅಂತ ಯಾರೋ ಹೇಳಿದ್ರು, ನಿಜಾನಾ?

ಇನ್ನು ಮೂರು ಡೌಟು. ಒಂದು, ಹುಕ್‌ಅಪ್ (ಕರೆಂಟ್ ಪಾಯಿಂಟ್) ಇರೋ ಪಿಚ್ ತಗೊಂಡ್ರೆ ಅಲ್ಲೇ ಕಾರ್ ಚಾರ್ಜ್ ಮಾಡ್ಕೋಬಹುದಾ? ಎರಡು, ಅವಳ ಇಂಜೆಕ್ಷನ್ ಫ್ರಿಜ್ಜಲ್ಲಿ ಇಡೋದು, ಅದಕ್ಕೇನು ಮಾಡೋದು? ಮೂರು, ಛಳಿ ಆದ್ರೆ ಅವಳ ಕಾಲು ಸೆಟೆದುಕೊಳ್ಳತ್ತೆ, ಹಾಗಂತ ಸೆಖೆ ಆದ್ರೆ ಸುಸ್ತಾಗಿ ಎದ್ದೇಳೋಕೇ ಆಗಲ್ಲ. ರಾತ್ರಿ ಹೀಟರ್ ಹಾಕ್ಕೊಂಡು ಮಲಗಬಹುದಾ?

ಧಾರವಾಡದಾಕಿ_ಲೀಡ್ಸ್

ರೈಲ್ವೆ ದಾರಿ ಖರೇನ, 2015ರ ಡಿಸೆಂಬರ್ ಬಿರುಗಾಳಿ ಮಳ್ಯಾಗ ಸೇತುವಿ ಕೊಚ್ಚಿಗೊಂಡು ಹೋಗಿದ್ವು, 2020ರ ಡಿಸೆಂಬರ್‌ದಾಗ ದಾರಿ ಮತ್ತ ಚಾಲೂ ಮಾಡ್ಯಾರ. ಸಪಾಟ ಅದ, ಕೆಳಗ ಹೊಳಿ, ಭಾಳ ಛಂದ. ಲೇಕ್ ಡಿಸ್ಟ್ರಿಕ್ಟ್‌ನವರ 'ಮೈಲ್ಸ್ ವಿದೌಟ್ ಸ್ಟೈಲ್ಸ್' ಅಂತ ಪಟ್ಟಿ ಅದ, ವೀಲ್‌ಚೇರ್ ಹೋಗೂ ದಾರಿ ಎಲ್ಲಾ ಅದರಾಗ ಸಿಗತಾವ. ಟಾರ್ನ್ ಹೌಸ್ ಕೆರಿನೂ ಅದರಾಗ ಬರತದ, ಆದ್ರ ಅಲ್ಲಿ ಏರು ಅದ, ತಳ್ಳವರು ಗಟ್ಟಿ ಇರಬೇಕು. ನೀವು ಗಟ್ಟಿ ಇದ್ದೀರಿ?

ಚಾರ್ಜಿಂದು ಕೇಳದ ಮಾಡಬ್ಯಾಡ್ರಿ. ಪಿಚ್ಚಿನ ಹುಕ್‌ಅಪ್ ಬರೇ 10 ಇಲ್ಲಾ 16 ಆಂಪ್, ಭಾಳ ಸೈಟಿನವರು ಕಾರ್ ಚಾರ್ಜ್ ಬ್ಯಾಡ ಅಂತ ಬರದ ಇಟ್ಟಿರ್ತಾರ, ಕೆಲವು ಕಡೆ ಬ್ಯಾರೆ ಚಾರ್ಜರ್ ಹಾಕ್ಯಾರ. ಊರಾಗ ತುಂಬಿಸಿಕೊಂಡು ಸೈಟಿಗೆ ಹೋಗೂದು ಛಲೋ. 10 ಆಂಪಿನ ಮ್ಯಾಲ ಮನಿ ಕೆಟಲ್ ಮತ್ತ ಹೀಟರ್ ಕೂಡೇ ಹಚ್ಚಿದ್ರ ಕರೆಂಟ್ ಟ್ರಿಪ್ ಆಗತದ, ಕ್ಯಾಂಪಿಂಗ್‌ನ ಸಣ್ಣ ಕೆಟಲ್ ಒಯ್ರಿ.

ಇಂಜೆಕ್ಷನ್ ಯಾವ ಉಷ್ಣತಾದಾಗ ಇಡಬೇಕು, ಹೊರಗ ಎಷ್ಟು ದಿನ ತಡೀತದ ಅಂತ ಎಂಎಸ್ ನರ್ಸ್‌ಗೆ ಕೇಳ್ರಿ, ಒಂದೊಂದು ಔಷಧಕ್ಕ ಒಂದೊಂದು ಲೆಕ್ಕ. ಕಂಪ್ರೆಸರ್ ಇರೋ ಸಣ್ಣ ಫ್ರಿಜ್ ಹುಕ್‌ಅಪ್‌ಗೆ ಹಚ್ಚಿದ್ರ ಬೆಸ್ಟ್. ಸಾದಾ ಕೂಲ್‌ಬಾಕ್ಸಿನ್ಯಾಗ ಐಸ್ ಪ್ಯಾಕಿಗೆ ತಾಗಿಸಿ ಇಟ್ರ ಔಷಧ ಹೆಪ್ಪುಗಟ್ಟಿ ಕೆಡತದ.

ಹೀಟರ್ ವಿಷಯಕ್ಕ ಮಾತ್ರ ಖಡಕ್ ಹೇಳ್ತೀನಿ. ಗ್ಯಾಸ್ ಒಲಿ, ಬಾರ್ಬಿಕ್ಯೂ, ಏನೂ ಕಾರಿನ ಒಳಗಾಗ್ಲಿ, ಟೈಲ್‌ಗೇಟ್ ಟೆಂಟಿನ ಒಳಗಾಗ್ಲಿ ತರಬಾರದು, ಆರೇದ ಅಂತ ಅನ್ನಿಸಿದ ಕೆಂಡನೂ ಕಾರ್ಬನ್ ಮಾನಾಕ್ಸೈಡ್ ಬಿಡತದ, ವಾಸನಿನೂ ಬರೂದಿಲ್ಲ, ಇಲ್ಲೆ ಹಂಗ ಸತ್ತವರು ಇದ್ದಾರ. ಅಲಾರ್ಮ್ ಒಂದು ತಗೋರಿ. ಬೆಚ್ಚಗ ಇರಾಕ ಮಲಗೂ ಮುಂಚೆ ಬಿಸಿನೀರಿನ ಬಾಟ್ಲಿ, ಕಾಲಿಗೆ ಉಲ್ಲನ್ ಕಾಲುಚೀಲ, ಕೆಳಗ ದಪ್ಪ ಮ್ಯಾಟ್, ಯಾಕಂದ್ರ ಥಂಡಿ ತೆಳಗಿಂದ ಏರತದ. ಕಾಲಿಗೆ ಸ್ಪರ್ಶ ಕಡಿಮಿ ಇದ್ರ ಬಾಟ್ಲಿ ನೇರ ತಾಗಿಸಬ್ಯಾಡ್ರಿ, ಸುಟ್ಟಿದ್ದು ತಿಳಿಯೂದಿಲ್ಲ, ಟವೆಲ್ ಸುತ್ತಿ ಇಡ್ರಿ. ಕಿಟಕಿ ಎರಡೂ ಬಾಜೂ ಬೆರಳಷ್ಟು ಇಳಿಸಿ ಮಲಗ್ರಿ, ಇಲ್ಲಂದ್ರ ಮುಂಜಾನೆ ಗಾಜಿನ ಮ್ಯಾಲಿಂದ ನೀರು ಹಾಸಿಗಿಗೆ ಸೋರತದ.

ಗ್ಲಾಸ್ಗೋ_ಗಿರಿ

ಒಂದು ಬಿಟ್ಟೋಯ್ತು. ಬೂಟ್ ತೆಗೆದಿಟ್ಟು ಟೆಂಟ್ ಸಿಗಿಸಿದ್ರೆ ಒಳಗಿನ ಲೈಟ್ ಉರೀತಾನೇ ಇರತ್ತೆ, ಎಲೆಕ್ಟ್ರಿಕ್ ಕಾರಾದ್ರೂ ಅದರ ಸಣ್ಣ 12 ವೋಲ್ಟ್ ಬ್ಯಾಟರಿ ಬೇರೆ, ಅದು ಇಳಿದ್ರೆ ಬೆಳಗ್ಗೆ ಕಾರ್ ಸ್ಟಾರ್ಟೇ ಆಗಲ್ಲ. ಲೈಟ್ ಆಫ್ ಮಾಡೋ ಸ್ವಿಚ್ ಎಲ್ಲಿದೆ ಅಂತ ಮನೇಲೇ ನೋಡಿಟ್ಕೊಳ್ಳಿ.

ಮಂಜು_ಎಂಕೆ

ಸರಿ ಗಿರಿ, ನೋಡ್ತೀನಿ. ಕಸ್ಟಮರ್ ಸರ್ವೀಸಿಗೆ ಅವಳೇ ಮೆಸೇಜ್ ಟೈಪ್ ಮಾಡಿ ಕಳ್ಸಿದಾಳೆ, ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ. ಶನಿವಾರ ಡ್ರೈವ್‌ವೇಲಿ ಟ್ರಯಲ್ಲು. ಬರ್ಲಿಂಗೋಗೆ ಕೂರೋ ಮಡಚೋ ಹಾಸಿಗೆ ಯಾರ ಹತ್ರಾದ್ರೂ ಇದ್ರೆ, ಲ್ಯೂಟನ್, ಬೆಡ್‌ಫರ್ಡ್ ಕಡೆ ಆದ್ರೆ ನಾನೇ ಬಂದು ತಗೊಂಡು ಹೋಗ್ತೀನಿ, ಹೇಳಿ.